ಮನೆಗೆ ಬೇಕಾದ ಮಣ್ಣು ಮತ್ತು ಮರ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಈ ಎರಡು ಕಾರ್ಯಗಳಲ್ಲಿ ಹಣ ನೀರಿನಂತೆ ಹರಿದುಹೋಗುತ್ತದೆ, ಮನುಷ್ಯ ಹಣ್ಣಾಗುತ್ತಾನೆ ಎಂಬುದಷ್ಟೇ ಅದರ ಅರ್ಥವೆಂದು ನಾವು ಸಾಮಾನ್ಯವಾಗಿ ತಿಳಿದುಕೊಂಡಿದ್ದೇವೆ. ನನಗಾದರೋ ಆ ಗಾದೆಯಲ್ಲಿ ಮುಖ್ಯವಾಗಿ ಕಾಣುವುದು ‘ನೋಡು’ ಎಂಬ ಮಾತು. ಮದುವೆಯ ವಿಷಯದಲ್ಲಿ ನಾವು ಬೇಕಾದಷ್ಟು ನೋಡುತ್ತೇವೆ. ಹುಡುಗನ ಊರು ಯಾವುದು, ಮನೆತನ ಎಂತಹುದು, ಗುಣ ಹೇಗೆ ಎಂದು ಹತ್ತು ಜನರಲ್ಲಿ ವಿಚಾರಿಸುತ್ತೇವೆ. ಮನೆಯ ವಿಷಯದಲ್ಲಿ ಮಾತ್ರ ಗೋಡೆಯ ಬಣ್ಣವನ್ನು ನೋಡಿ ಸುಮ್ಮನಾಗುತ್ತೇವೆ. ಬಣ್ಣದ ಹಿಂದೆ ಗಿಲಾವು ಇದೆ. ಗಿಲಾವಿನ ಹಿಂದೆ ಏನಿದೆ, ಅದು ಯಾವ ಊರಿನಿಂದ ಬಂತು, ಅದರ ಗುಣವೇನು ಎಂದು ಕೇಳುವವರು ವಿರಳ.

ಕಟ್ಟಡಗಳ ಮೇಲ್ವಿಚಾರಣೆಯಲ್ಲಿ ಬದುಕಿನ ಬಹುಭಾಗವನ್ನು ಕಳೆದವನು ನಾನು. ಒಂದು ಸಾಧಾರಣ ಸಂಸಾರ ತನ್ನ ಇಪ್ಪತ್ತು ಮೂವತ್ತು ವರ್ಷಗಳ ಉಳಿತಾಯವನ್ನೆಲ್ಲ ನಾಲ್ಕು ಗೋಡೆಗಳಿಗೆ ಸುರಿಯುವುದನ್ನು ಎಷ್ಟೋ ಬಾರಿ ಹತ್ತಿರದಿಂದ ಕಂಡಿದ್ದೇನೆ. ಅಷ್ಟು ದೊಡ್ಡ ಮೊತ್ತಕ್ಕೆ ಕೊಂಡ ವಸ್ತುವಿನ ಪರಿಚಯ ಕೊಂಡವನಿಗೆ ಇರುವುದಿಲ್ಲವೆಂಬುದು ವಿಚಿತ್ರವಾದರೂ ನಿಜ. ಆದುದರಿಂದ ಇಂದು ನಾನು ಇಟ್ಟಿಗೆ, ಕಟ್ಟಡದ ಕಲ್ಲು, ಬ್ಲಾಕು ಮತ್ತು ಮರ, ಇವುಗಳ ಪರಿಚಯವನ್ನು ನಿಮಗೆ ಮಾಡಿಕೊಡಬೇಕೆಂದಿದ್ದೇನೆ. ಯಾವ ಸಾಮಗ್ರಿಯೇ ಆಗಲಿ, ಅದನ್ನು ಮೂರು ಪ್ರಶ್ನೆ ಕೇಳಬಹುದು. ನೀನು ಎಲ್ಲಿಂದ ಬಂದೆ? ಏನನ್ನು ಹೊರಬಲ್ಲೆ? ಯಾವುದಕ್ಕೆ ಹೆದರುತ್ತೀಯೆ? ಈ ಮೂರಕ್ಕೂ ಉತ್ತರ ತಿಳಿದರೆ ಮನೆ ಕಟ್ಟುವವನು ಅರ್ಧ ಗೆದ್ದಂತೆ.

ಇಟ್ಟಿಗೆಯಿಂದಲೇ ಆರಂಭಿಸೋಣ. ಇಟ್ಟಿಗೆ ಎಂದರೆ ಮನುಷ್ಯ ಮಾಡಿದ ಕಲ್ಲು. ಸಿಂಧೂ ಕಣಿವೆಯ ಜನ ಸುಮಾರು 4,500 ವರ್ಷಗಳ ಹಿಂದೆಯೇ ಸುಟ್ಟ ಇಟ್ಟಿಗೆಯಿಂದ ನಗರಗಳನ್ನು ಕಟ್ಟಿದ್ದರು. ಅವರ ಇಟ್ಟಿಗೆಯ ದಪ್ಪ ಒಂದು ಪಾಲಾದರೆ ಅಗಲ ಎರಡು ಪಾಲು, ಉದ್ದ ನಾಲ್ಕು ಪಾಲು. ಈ ಲೆಕ್ಕ ಸುಮ್ಮನೆ ಹುಟ್ಟಿದ್ದಲ್ಲ. ಎರಡು ಇಟ್ಟಿಗೆಗಳ ಅಗಲ ಸೇರಿದರೆ ಒಂದು ಇಟ್ಟಿಗೆಯ ಉದ್ದವಾಗುತ್ತದೆ. ಹಾಗಾದಾಗ ಮಾತ್ರ ಒಂದನ್ನು ಉದ್ದಕ್ಕೂ ಮತ್ತೊಂದನ್ನು ಅಡ್ಡಕ್ಕೂ ಇಟ್ಟು ಗೋಡೆಯನ್ನು ಹೆಣೆಯಲು ಸಾಧ್ಯ. 19ನೆಯ ಶತಮಾನದ ನಡುಭಾಗದಲ್ಲಿ ಲಾಹೋರಿನಿಂದ ಮುಲ್ತಾನಿಗೆ ರೈಲು ದಾರಿ ಹಾಕಿದಾಗ ಗುತ್ತಿಗೆದಾರರು ಹರಪ್ಪದ ದಿಬ್ಬಗಳಿಂದ ಈ ಹಳೆಯ ಇಟ್ಟಿಗೆಗಳನ್ನು ಅಗೆದು ತಂದು ಹಳಿಗಳ ಕೆಳಗೆ ಹಾಸಿದರು. ಚರಿತ್ರೆಗೆ ಅದರಿಂದಾದ ನಷ್ಟವನ್ನು ತುಂಬಲಾಗದು. ಆದರೆ ಸಾವಿರಾರು ವರ್ಷ ಮಣ್ಣಿನಲ್ಲಿ ಹೂತಿದ್ದ ಇಟ್ಟಿಗೆ ರೈಲುಗಾಡಿಯ ಭಾರವನ್ನು ಹೊತ್ತಿತೆಂಬುದು, ಚೆನ್ನಾಗಿ ಸುಟ್ಟ ಮಣ್ಣಿನ ಆಯುಷ್ಯ ಎಷ್ಟೆಂಬುದಕ್ಕೆ ಸಾಕ್ಷಿಯಾಗಿ ಉಳಿದಿದೆ.

ನಮ್ಮ ನಾಡನ್ನು ಕಲ್ಲಿನ ನಾಡೆಂದು ನಾವು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಆದರೂ ಎತ್ತರಕ್ಕೆ ಏರಬೇಕಾದಾಗ ನಮ್ಮ ಶಿಲ್ಪಿಗಳೂ ಇಟ್ಟಿಗೆಯ ಸಹಾಯವನ್ನು ಬೇಡಿದವರೇ. ಹಂಪೆಯ ವಿರೂಪಾಕ್ಷ ದೇವಾಲಯದ ಮಹಾಗೋಪುರದ ಬುಡ ಕಲ್ಲು; ಮೇಲಿನ ಅಂತಸ್ತುಗಳು ಇಟ್ಟಿಗೆ ಮತ್ತು ಗಾರೆ. ವಿಜಯಪುರದ ಗೋಳಗುಮ್ಮಟದ ಗೋಡೆಗಳು ಆ ಸೀಮೆಯ ಕಪ್ಪು ಕಲ್ಲಿನವು. ಆದರೆ ಜಗತ್ತೇ ಬೆರಗಾಗಿ ನೋಡುವ ಆ ಗುಮ್ಮಟವನ್ನು ಕಟ್ಟಿರುವುದು ಇಟ್ಟಿಗೆಯ ವರಸೆಗಳ ನಡುವೆ ದಪ್ಪನಾಗಿ ಸುಣ್ಣದ ಗಾರೆ ತುಂಬಿ. ಬುಡಕ್ಕೆ ಭಾರವಾದದ್ದು, ತಲೆಗೆ ಹಗುರವಾದದ್ದು ಎಂಬ ವಿವೇಕ ಅವರಿಗಿತ್ತು. ಒಂದೇ ಸಾಮಗ್ರಿಯಿಂದ ಎಲ್ಲವನ್ನೂ ಮಾಡಬೇಕೆಂಬ ಹಟ ಅವರಿಗಿರಲಿಲ್ಲ.

ಇಟ್ಟಿಗೆಗೆ ಬೇಕಾದ ಮಣ್ಣು ಅತಿ ಜಿಗುಟೂ ಅಲ್ಲ, ಬರಿಯ ಮರಳೂ ಅಲ್ಲ. ಜಿಗುಟು ಹೆಚ್ಚಾದರೆ ಒಣಗುವಾಗ ಬಿರಿಯುತ್ತದೆ; ಮರಳು ಹೆಚ್ಚಾದರೆ ಸುಟ್ಟ ಮೇಲೂ ಪುಡಿಯಾಗುತ್ತದೆ. ನಮ್ಮ ಉತ್ತರದ ಜಿಲ್ಲೆಗಳ ಎರೆಮಣ್ಣು ಹತ್ತಿಗೂ ಬಿಳಿಜೋಳಕ್ಕೂ ಹೇಳಿ ಮಾಡಿಸಿದ್ದು. ಆದರೆ ನೀರು ಕುಡಿದಾಗ ಉಬ್ಬಿ, ಒಣಗಿದಾಗ ಕುಗ್ಗುವ ಅದರ ಸ್ವಭಾವ ಇಟ್ಟಿಗೆಗೆ ಒಗ್ಗುವುದಿಲ್ಲ. ಮಣ್ಣಿನಲ್ಲಿ ಸುಣ್ಣಕಲ್ಲಿನ ಚೂರುಗಳಿದ್ದರಂತೂ ಅಪಾಯ. ಗೂಡಿನಲ್ಲಿ ಅವು ಬೆಂದು ಸುಣ್ಣವಾಗುತ್ತವೆ. ಮುಂದೆ ಗೋಡೆಗೆ ನೀರು ತಾಗಿದೊಡನೆ ಅರಳಿ ಇಟ್ಟಿಗೆಯನ್ನೇ ಸೀಳುತ್ತವೆ. ಹಳೆಯ ಮೈಸೂರಿನ ಬಯಲುಸೀಮೆಯಲ್ಲಿ ಬೇಸಿಗೆಯಲ್ಲಿ ಬತ್ತಿದ ಕೆರೆಯ ಹೂಳನ್ನು ಇಟ್ಟಿಗೆಗೆ ಬಳಸುವ ರೂಢಿ ಇತ್ತು. ಅದರಲ್ಲಿ ಒಂದು ಜಾಣತನವಿತ್ತು. ಊರಿಗೆ ಇಟ್ಟಿಗೆಯೂ ದೊರೆಯುತ್ತಿತ್ತು, ಕೆರೆಯ ಹೊಟ್ಟೆಯೂ ಹಗುರಾಗುತ್ತಿತ್ತು.

ಹಸಿ ಇಟ್ಟಿಗೆಯನ್ನು ಗೂಡಿನಲ್ಲಿ 900 ರಿಂದ 1,000 ಡಿಗ್ರಿ ಸೆಲ್ಸಿಯಸ್ ಉಷ್ಣತೆಯವರೆಗೆ ಸುಡಬೇಕು. ಬಿಸಿಲಿಗೆ ಒಣಗಿದ ಮಣ್ಣು ಮಳೆ ಬಂದರೆ ಮತ್ತೆ ಮಣ್ಣಾಗುತ್ತದೆ. ಬೆಂಕಿಯಲ್ಲಿ ಬೆಂದ ಮಣ್ಣು ಮರಳಿ ಕೆಸರಾಗುವುದಿಲ್ಲ. ಮಣ್ಣಿನ ಕಣದೊಳಗೇ ಬೆಸೆದುಕೊಂಡಿದ್ದ ನೀರು ಹೊರಟುಹೋಗಿ ಅದರ ಸ್ವಭಾವವೇ ಬದಲಾಗಿಬಿಡುವುದು ಇದಕ್ಕೆ ಕಾರಣ. ಕೆಂಪು ಬಣ್ಣ ಬರುವುದು ಮಣ್ಣಿನಲ್ಲಿರುವ ಕಬ್ಬಿಣದ ಅಂಶದಿಂದ. ಆದರೆ ಒಂದೇ ಗೂಡಿನಿಂದ ಬಂದ ಇಟ್ಟಿಗೆಗಳೆಲ್ಲ ಒಂದೇ ಜಾತಿಯವಲ್ಲ. ಬೆಂಕಿಗೆ ತೀರ ಹತ್ತಿರವಿದ್ದವು ಕಪ್ಪಗಾಗಿ, ಸೊಟ್ಟಗಾಗಿ, ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅವನ್ನು ಜಲ್ಲಿಯಾಗಿ ಒಡೆದು ಅಡಿಪಾಯಕ್ಕೋ ದಾರಿಗೋ ಹಾಕಬಹುದು. ಹೊರ ಅಂಚಿನಲ್ಲಿದ್ದವು ಅರೆಬೆಂದು ಮಸಕು ಬಣ್ಣದಲ್ಲಿ ಉಳಿಯುತ್ತವೆ. ಅವು ತಾತ್ಕಾಲಿಕ ಗೋಡೆಗಳಿಗೆ ಮಾತ್ರ ಸೈ. ನಡುವೆ ಹದವಾಗಿ ಬೆಂದವೇ ನಿಜವಾದ ಇಟ್ಟಿಗೆಗಳು. ಅವುಗಳಲ್ಲಿಯೂ ಮೂಲೆ ಚೂಪಾಗಿ, ಮುಖ ನೇರವಾಗಿ ಇರುವುವು ಗಿಲಾವು ಹಾಕದೆ ಬಿಡುವ ಗೋಡೆಗೆ. ಉಳಿದವು ಗಿಲಾವಿನ ಗೋಡೆಗೆ.

ಹದವಾಗಿ ಬೆಂದದ್ದನ್ನು ಗುರುತಿಸುವುದು ಹೇಗೆ? ಇದಕ್ಕೆ ಪ್ರಯೋಗಶಾಲೆಯೇ ಬೇಕೆಂದಿಲ್ಲ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬರು ಹಿರಿಯ ಮೇಸ್ತ್ರಿಗಳಿದ್ದರು. ಲಾರಿಯಿಂದ ಇಟ್ಟಿಗೆ ಇಳಿಯುತ್ತಿದ್ದಂತೆ ಎರಡನ್ನು ಕೈಗೆತ್ತಿಕೊಂಡು ಒಂದಕ್ಕೊಂದು ತಟ್ಟುತ್ತಿದ್ದರು. “ಕೇಳಿ ಸ್ವಾಮಿ, ಕಂಚಿನ ಹಾಗೆ ಠಣ್ ಅನ್ನಬೇಕು. ದಬ್ ಅಂದರೆ ಒಳಗೆ ಬೆಂದಿಲ್ಲ” ಎನ್ನುತ್ತಿದ್ದರು. “ಎಲ್ಲವನ್ನೂ ತಟ್ಟಿ ನೋಡಲಾದೀತೆ, ಮೇಸ್ತ್ರಿಗಳೇ?” ಎಂದು ನಾನು ಕೇಳಿದ್ದಕ್ಕೆ, “ಅನ್ನ ಬೆಂದಿದೆಯೇ ಅಂತ ನೋಡೋದಕ್ಕೆ ಎಲ್ಲ ಅಗುಳನ್ನೂ ಹಿಸುಕ್ತೀವಾ?” ಎಂದು ನಕ್ಕಿದ್ದರು. ಆಮೇಲೆ ಉಗುರಿನಿಂದ ಗೀರಿ ನೋಡುವರು, ಗೆರೆ ಮೂಡಬಾರದು. ಎದೆಯೆತ್ತರಕ್ಕಿಂತ ತುಸು ಕೆಳಗಿನಿಂದ ನೆಲಕ್ಕೆ ಬಿಡುವರು, ಒಡೆಯಬಾರದು. ಇವೆಲ್ಲವೂ ಇಂದಿಗೂ ನಂಬತಕ್ಕ ಪರೀಕ್ಷೆಗಳೇ. ಮನೆಯಲ್ಲಿ ತಕ್ಕಡಿಯಿದ್ದರೆ ಇನ್ನೊಂದನ್ನೂ ಮಾಡಬಹುದು. ಒಣ ಇಟ್ಟಿಗೆಯನ್ನು ತೂಗಿ, 24 ಗಂಟೆ ನೀರಿನಲ್ಲಿಟ್ಟು, ಮತ್ತೆ ತೂಗಬೇಕು. ಸಾಮಾನ್ಯ ಇಟ್ಟಿಗೆ ತನ್ನ ತೂಕದ ನೂರಕ್ಕೆ 20 ಪಾಲಿಗಿಂತ ಹೆಚ್ಚು ನೀರನ್ನು ಕುಡಿಯಬಾರದೆಂದು ಭಾರತೀಯ ಮಾನಕ ಹೇಳುತ್ತದೆ. ಅಂದರೆ 3 ಕಿಲೋಗ್ರಾಮಿನ ಇಟ್ಟಿಗೆ ನೆನೆದ ಮೇಲೆ 3.6 ಕಿಲೋಗ್ರಾಮನ್ನು ಮೀರಬಾರದು.

ಇಟ್ಟಿಗೆಯ ಬಲವೆಲ್ಲ ಒತ್ತಡವನ್ನು ಹೊರುವುದರಲ್ಲಿದೆ. ಅದರ ಮೇಲೆ ಭಾರ ಹೇರಿದರೆ ಹೊರುತ್ತದೆ. ಹಿಡಿದು ಎಳೆದರೆ, ಬಾಗಿಸಿದರೆ ಮುರಿಯುತ್ತದೆ. ಅದಕ್ಕಾಗಿಯೇ ಬಾಗಿಲ ಮೇಲೆ ಇಟ್ಟಿಗೆಯನ್ನು ನೇರವಾಗಿ ಹಾಸದೆ ಕಮಾನು ಕಟ್ಟುತ್ತಿದ್ದರು. ಕಮಾನಿನಲ್ಲಿ ಪ್ರತಿಯೊಂದು ಇಟ್ಟಿಗೆಯೂ ಪಕ್ಕದ ಇಟ್ಟಿಗೆಯನ್ನು ಒತ್ತುತ್ತದೆಯೇ ಹೊರತು ಎಳೆಯುವುದಿಲ್ಲ. ಗೋಡೆಯಲ್ಲಿ ಒಂದು ವರಸೆಯ ಸಂದಿನ ಮೇಲೆ ಇನ್ನೊಂದು ವರಸೆಯ ಸಂದು ಬರಬಾರದೆಂಬುದು ಎರಡನೆಯ ನಿಯಮ. ಬಂದರೆ ಗೋಡೆ ಒಂದಾಗದೆ, ಅಕ್ಕಪಕ್ಕ ನಿಂತ ಕಂಬಗಳ ಸಾಲಾಗುತ್ತದೆ. ನೆಲ ತುಸು ಕುಸಿದರೂ ಸಂದಿನುದ್ದಕ್ಕೂ ಬಿರುಕು ಏಳುತ್ತದೆ. ಮೂರನೆಯದು, ಇಟ್ಟಿಗೆಯನ್ನು ನೀರಿನಲ್ಲಿ ನೆನೆಸಿಯೇ ಕಟ್ಟಬೇಕು. ಒಣ ಇಟ್ಟಿಗೆಗೆ ಬಾಯಾರಿಕೆ ಹೆಚ್ಚು. ಗಾರೆಯ ನೀರನ್ನೆಲ್ಲ ಅದೇ ಹೀರಿಬಿಟ್ಟರೆ ಸಿಮೆಂಟು ಗಟ್ಟಿಯಾಗಲು ನೀರೇ ಉಳಿಯುವುದಿಲ್ಲ.

ಇನ್ನು ಇಟ್ಟಿಗೆ ಎಲ್ಲಿಂದ ಬಂತು ಎಂಬ ಪ್ರಶ್ನೆ. ಇಲ್ಲಿ ಒಂದು ಸಣ್ಣ ಲೆಕ್ಕವನ್ನು ಮಾಡೋಣ. ನಮ್ಮಲ್ಲಿ ಹಿಂದಿನಿಂದ ಬಂದ ಅಳತೆಯ ಇಟ್ಟಿಗೆ ಉದ್ದ 9 ಅಂಗುಲ, ಅಗಲ ನಾಲ್ಕೂವರೆ ಅಂಗುಲ, ದಪ್ಪ 3 ಅಂಗುಲ. ಒಂದು ಮನೆಗೆ 20,000 ಇಟ್ಟಿಗೆ ಬೇಕೆಂದುಕೊಳ್ಳಿ. ಅಷ್ಟು ಇಟ್ಟಿಗೆಗಳ ಗಾತ್ರ 1,400 ಘನ ಅಡಿಯನ್ನು ಮೀರುತ್ತದೆ. ಎಂದರೆ 30 ಅಡಿಗೆ 40 ಅಡಿಯ ನಿವೇಶನವಿಡೀ ಒಂದು ಅಡಿ ಆಳಕ್ಕೆ ಅಗೆದರೂ ಆ ಮನೆಯ ಗೋಡೆಗಳಿಗೆ ಮಣ್ಣು ಸಾಲದು. ಈ ಮಣ್ಣನ್ನು ನಾವು ನಮ್ಮ ನಿವೇಶನದಿಂದ ತೆಗೆಯುವುದಿಲ್ಲ. ಎಲ್ಲೋ ಒಂದು ಹಳ್ಳಿಯಲ್ಲಿ, ಸಾಲ ತೀರಿಸಬೇಕಾದ ಒಬ್ಬ ರೈತ, ತನ್ನ ಗದ್ದೆಯ ಮೇಲ್ಮಣ್ಣನ್ನು ಗೂಡಿನವರಿಗೆ ಮಾರಿರುತ್ತಾನೆ. ಮೇಲಿನ ಆ ಒಂದಡಿ ಮಣ್ಣೇ ಬೆಳೆ ಕೊಡುವ ಮಣ್ಣು. ಒಂದು ಅಂಗುಲ ಮೇಲ್ಮಣ್ಣು ತಾನಾಗಿ ಹುಟ್ಟಲು ನೂರಾರು ವರ್ಷ ಬೇಕು. ಅದರ ಜೊತೆಗೆ ಗೂಡಿಗೆ ಹಾಕಿದ ಸೌದೆ ಅಥವಾ ಕಲ್ಲಿದ್ದಲಿನ ಲೆಕ್ಕ ಬೇರೆ. ಕೆರೆಯ ಹೂಳು ಇಟ್ಟಿಗೆಯಾಗುತ್ತಿದ್ದಾಗ ಮನೆ ಕಟ್ಟುವುದು ಊರಿಗೆ ಲಾಭವಾಗಿತ್ತು. ಗದ್ದೆಯ ಮಣ್ಣು ಇಟ್ಟಿಗೆಯಾಗತೊಡಗಿದ ಮೇಲೆ ಅದು ಊರಿಗೆ ನಷ್ಟವಾಯಿತು. ಇಟ್ಟಿಗೆಯ ಬೆಲೆಯಲ್ಲಿ ಈ ನಷ್ಟವನ್ನು ಯಾರೂ ಬರೆಯುವುದಿಲ್ಲ.

ಸುಡದೆಯೇ ದೊರೆಯುವ ಇಟ್ಟಿಗೆಯೊಂದು ಪ್ರಕೃತಿಯಲ್ಲಿಯೇ ಇದೆ. ನಮ್ಮ ಕರಾವಳಿಯವರು ಅದನ್ನು ಕೆಂಪುಕಲ್ಲು, ಮುರಕಲ್ಲು, ಚಿರೆಕಲ್ಲು ಎಂದೆಲ್ಲ ಕರೆಯುತ್ತಾರೆ. 1800–1801ರಲ್ಲಿ ಮೈಸೂರು, ಕೆನರಾ, ಮಲಬಾರು ಸೀಮೆಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಮಲಬಾರಿನ ಅಂಗಾಡಿಪುರದಲ್ಲಿ ಜನ ಈ ಕಲ್ಲನ್ನು ನೆಲದಿಂದ ಕತ್ತರಿಸಿ ತೆಗೆಯುವುದನ್ನು ಕಂಡು ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟನು. ಲ್ಯಾಟಿನ್ ಭಾಷೆಯಲ್ಲಿ ‘ಲೇಟರ್’ ಎಂದರೆ ಇಟ್ಟಿಗೆ. ಹೆಸರು ಅನ್ವರ್ಥವಾದುದೇ. ನೆಲದೊಳಗಿದ್ದಾಗ ಮೃದುವಾಗಿ, ಕೊಡಲಿಯಂತಹ ಹತಾರದಿಂದಲೂ ಕಡಿಯುವಂತೆ ಇರುತ್ತದೆ. ಹೊರಗೆ ತೆಗೆದು ಗಾಳಿಬಿಸಿಲಿಗೆ ಒಡ್ಡಿದರೆ ಗಟ್ಟಿಯಾಗುತ್ತದೆ. ಲಕ್ಷಾಂತರ ವರ್ಷಗಳ ಮಳೆ ಬಂಡೆಯಲ್ಲಿದ್ದ ಕರಗುವ ಅಂಶಗಳನ್ನೆಲ್ಲ ತೊಳೆದುಕೊಂಡು ಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಮ್ಮಿನ ಅಂಶಗಳನ್ನು ಉಳಿಸಿದುದರ ಫಲ ಇದು. ಉತ್ತರ ಕನ್ನಡದ ಮಿರ್ಜಾನ್ ಕೋಟೆಯನ್ನು ಈ ಕಲ್ಲಿನಿಂದಲೇ ಕಟ್ಟಿದ್ದಾರೆ. ಶತಮಾನಗಳ ಮುಂಗಾರು ಅದರ ಮೇಲೆ ಪಾಚಿಯನ್ನು ಬೆಳೆಸಿದೆ. ಗೋಡೆಗಳು ನಿಂತೇ ಇವೆ.

ಕರಾವಳಿಯ ಈ ಕಲ್ಲಿನ ಗೋಡೆಗೆ ಜೋಡಿಯಾಗಿ ಬಂದದ್ದು ಮಂಗಳೂರು ಹೆಂಚು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದರು. ನೇತ್ರಾವತಿ ಮತ್ತು ಗುರುಪುರ ನದಿಗಳ ದಡದ ಜೇಡಿಮಣ್ಣು ಅದಕ್ಕೆ ಒದಗಿತು. ಕೆಂಪುಕಲ್ಲಿನ ಗೋಡೆ, ಮರದ ಪಕಾಸು ರೀಪುಗಳು, ಮೇಲೆ ಕೆಂಪು ಹೆಂಚು, ಮಳೆನೀರು ಗೋಡೆಗೆ ತಾಗದಂತೆ ಮುಂದೆ ಚಾಚಿದ ಮಾಡು. ಇಂತಹ ಮನೆ ಆ ನೆಲದಿಂದಲೇ ಎದ್ದು ಬಂದಂತೆ ಕಾಣುವುದರಲ್ಲಿ ಆಶ್ಚರ್ಯವೇನೂ ಇಲ್ಲ. ಅದರ ಕಲ್ಲು, ಮಣ್ಣು, ಮರ ಎಲ್ಲವೂ ಹತ್ತಿರದ್ದೇ. ಆದರೆ ಈ ಕಲ್ಲನ್ನು ಲಾರಿಗೆ ಹೇರಿ ನೂರಾರು ಮೈಲಿ ಸಾಗಿಸಿ, ಬಯಲುಸೀಮೆಯ ನಗರದಲ್ಲಿ ಅಲಂಕಾರಕ್ಕೆಂದು ನಿಲ್ಲಿಸುವುದರಲ್ಲಿ ಆ ಔಚಿತ್ಯ ಉಳಿಯುವುದಿಲ್ಲ.

ಬಯಲುಸೀಮೆಯವರು ಏನು ಮಾಡಬೇಕು? ಅಲ್ಲಿ ಹಿಂದೆ ಗೋಡೆ ಎಂದರೆ ಮಣ್ಣಿನ ಗೋಡೆಯೇ. ಬೇಸಿಗೆಯಲ್ಲಿ ತಂಪು, ಚಳಿಯಲ್ಲಿ ಬೆಚ್ಚಗೆ, ಹೆದರಿಕೆ ನೀರೊಂದಕ್ಕೇ. ಈ ಹೆದರಿಕೆಯನ್ನು ಹೋಗಲಾಡಿಸುವುದು ಹೇಗೆಂದು ಯೋಚಿಸಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಮುಖ್ಯರು. ಅಲ್ಲಿ 1974ರಲ್ಲಿ ‘ಅಸ್ತ್ರ’ ಎಂಬ ವಿಭಾಗ ಹುಟ್ಟಿತು. ಗ್ರಾಮಗಳಿಗೆ ಒದಗುವಂತಹ ವಿಜ್ಞಾನವನ್ನು ಬೆಳೆಸುವುದು ಅದರ ಉದ್ದೇಶ, ಎ. ಕೆ. ಎನ್. ರೆಡ್ಡಿಯವರು ಅದರ ಹಿಂದಿದ್ದವರು. ಕೆ. ಎಸ್. ಜಗದೀಶ್ ಮೊದಲಾದವರು ಅಲ್ಲಿ ಮಣ್ಣಿನ ಬ್ಲಾಕುಗಳ ಮೇಲೆ ದೀರ್ಘ ಕಾಲ ಕೆಲಸ ಮಾಡಿದರು. ಮರಳು ಬೆರೆತ ಕೆಂಪು ಮಣ್ಣಿಗೆ ನೂರಕ್ಕೆ ಆರೆಂಟು ಪಾಲು ಸಿಮೆಂಟು ಸೇರಿಸಿ, ಹದವಾಗಿ ತೇವ ಮಾಡಿ, ಕೈಯಿಂದಲೇ ನಡೆಸುವ ಯಂತ್ರದಲ್ಲಿ ಒತ್ತಿ, ಮೂರು ನಾಲ್ಕು ವಾರ ತೇವದಲ್ಲಿಟ್ಟರೆ ಬ್ಲಾಕು ಸಿದ್ಧ. ಬೆಂಕಿಯೇ ಬೇಡ. ಒಂದೇ ಅಳತೆಯ ಗೋಡೆಗೆ ಸುಟ್ಟ ಇಟ್ಟಿಗೆ ಬೇಡುವ ಶಕ್ತಿಯಲ್ಲಿ ಸುಮಾರು ನಾಲ್ಕನೆಯ ಒಂದು ಭಾಗ ಈ ಬ್ಲಾಕಿಗೆ ಸಾಕೆಂದು ಅವರ ಲೆಕ್ಕಗಳು ತೋರಿಸಿವೆ. ಅನೇಕ ವೇಳೆ ಅಡಿಪಾಯಕ್ಕೆಂದು ತೋಡಿದ ಮಣ್ಣನ್ನೇ, ಮೇಲಿನ ಗೊಬ್ಬರದ ಮಣ್ಣನ್ನು ಬದಿಗಿಟ್ಟು, ಇದಕ್ಕೆ ಬಳಸಬಹುದು. ಆದರೆ ಎರೆಮಣ್ಣಿಗೆ ಈ ವಿಧಾನ ಹೊಂದದು. ಮಣ್ಣನ್ನು ಪರೀಕ್ಷಿಸದೆ ಒತ್ತಿದ ಬ್ಲಾಕು ಮೊದಲ ಮಳೆಗೆ ಮೈ ಉದುರಿಸಿಕೊಳ್ಳುತ್ತದೆ. ಮಣ್ಣು ಕೆಟ್ಟದ್ದೆಂಬ ಅಪವಾದ ಹುಟ್ಟುವುದು ಬಹುಮಟ್ಟಿಗೆ ಇಂತಹ ಅವಸರದಿಂದ.

ಇಟ್ಟಿಗೆಯನ್ನು ಬಿಡದೆ, ಅದರ ಸಂಖ್ಯೆಯನ್ನೇ ಇಳಿಸುವ ದಾರಿಯೂ ಒಂದಿದೆ. ಇಂಗ್ಲೆಂಡಿನಲ್ಲಿ ಹುಟ್ಟಿ ಕೇರಳದಲ್ಲಿ ನೆಲೆಸಿ, 2007ರಲ್ಲಿ ತಿರುವನಂತಪುರದಲ್ಲಿ ತೀರಿಕೊಂಡ ಲಾರಿ ಬೇಕರ್ ಅವರು ಇದನ್ನು ಪ್ರಸಿದ್ಧಿಗೆ ತಂದರು. ಇಟ್ಟಿಗೆಗಳನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ, ನಡುವೆ ಪೊಳ್ಳು ಬಿಟ್ಟು ಕಟ್ಟುವ ವಿಧಾನ ಅದು; ಪೊಳ್ಳು ಇಲಿಬೋನನ್ನು ಹೋಲುವುದರಿಂದ ಇಂಗ್ಲಿಷಿನಲ್ಲಿ ಅದೇ ಅರ್ಥದ ಹೆಸರು ಬಂದಿದೆ. ಇದರಿಂದ ಸುಮಾರು ನೂರಕ್ಕೆ 25ರಷ್ಟು ಇಟ್ಟಿಗೆ ಉಳಿಯುತ್ತದೆ. ಒಳಗಿನ ಗಾಳಿ ಬಿಸಿಲ ಝಳವನ್ನು ತಡೆಯುತ್ತದೆ. ಆದರೆ ಇದಕ್ಕೆ ಬೇಕಾದುದು ಕೈ ಪಳಗಿದ ಗಾರೆಯವನು ಮತ್ತು ಒಂದೇ ಅಳತೆಯ ಒಳ್ಳೆಯ ಇಟ್ಟಿಗೆ.

ಈಗ ನಗರಗಳಲ್ಲಿ ಎಲ್ಲೆಲ್ಲೂ ಕಾಣುವುದು ಕಾಂಕ್ರೀಟು ಬ್ಲಾಕು. ಸಿಮೆಂಟು, ಜಲ್ಲಿಪುಡಿ, ಮರಳು ಸೇರಿಸಿ ಒತ್ತಿದ ಈ ಬ್ಲಾಕಿನ ಉದ್ದ ಸಾಮಾನ್ಯವಾಗಿ 40 ಸೆಂಟಿಮೀಟರು, ಎತ್ತರ 20. ದಪ್ಪ 10, 15 ಅಥವಾ 20. ಘನವಾದದ್ದೂ ಉಂಟು, ಪೊಳ್ಳಾದದ್ದೂ ಉಂಟು. ಒಂದು ಬ್ಲಾಕು ಹಲವು ಇಟ್ಟಿಗೆಗಳ ಸ್ಥಳವನ್ನು ತುಂಬುವುದರಿಂದ ಕೆಲಸ ಬೇಗ ಸಾಗುತ್ತದೆ, ಗಾರೆಯೂ ಕಡಿಮೆ ಸಾಕು, ಗದ್ದೆಯ ಮಣ್ಣಿಗೆ ಕೈ ಹಾಕಬೇಕಾಗಿಲ್ಲ. ಇದರ ಹೆದರಿಕೆ ಬೇರೆ ಬಗೆಯದು. ಹೊಸದಾಗಿ ಮಾಡಿದ ಬ್ಲಾಕು ಒಣಗುತ್ತ ಹೋದಂತೆ ಕುಗ್ಗುತ್ತದೆ. ನಿನ್ನೆ ಅಚ್ಚಿನಿಂದ ಬಂದದ್ದನ್ನು ಇಂದು ಗೋಡೆಗೆ ಇಟ್ಟರೆ, ಅದು ಕುಗ್ಗುವುದೆಲ್ಲ ಗೋಡೆಯಲ್ಲಿಯೇ. ಆಗ ಗಿಲಾವಿನ ಮೇಲೆ ಬಿರುಕುಗಳ ನಕಾಶೆ ಮೂಡುತ್ತದೆ. ಎರಡು ವಾರವಾದರೂ ನೀರುಣಿಸಿ, ಆಮೇಲೆ ಕೆಲವು ವಾರ ಒಣಗಲು ಬಿಟ್ಟು ಬಳಸುವುದೇ ಸರಿಯಾದ ಕ್ರಮ. ಇಟ್ಟಿಗೆಯಂತೆ ಇದನ್ನು ಕಟ್ಟುವ ಮುನ್ನ ನೀರಿನಲ್ಲಿ ಮುಳುಗಿಸಲೂ ಕೂಡದು. ಮೇಲ್ಮೈಯನ್ನು ತುಸು ತೇವಮಾಡಿದರೆ ಸಾಕು. ಇಟ್ಟಿಗೆಗೆ ಗುಣವಾದದ್ದು ಬ್ಲಾಕಿಗೆ ದೋಷವಾಗುತ್ತದೆ. ಈ ಒಂದು ಭೇದವನ್ನು ಅರಿಯದುದರಿಂದ ಕೆಡುವ ಗೋಡೆಗಳು ಒಂದೆರಡಲ್ಲ.

ಉಷ್ಣವಿದ್ಯುತ್ ಸ್ಥಾವರಗಳಲ್ಲಿ ಕಲ್ಲಿದ್ದಲು ಉರಿದು ಉಳಿಯುವ ಹಾರುಬೂದಿಯಿಂದಲೂ ಇಟ್ಟಿಗೆ ಮಾಡುತ್ತಾರೆ. ನಮ್ಮಲ್ಲಿ ರಾಯಚೂರು, ಬಳ್ಳಾರಿಗಳ ಸ್ಥಾವರಗಳು ಇಂತಹ ಬೂದಿಯನ್ನು ರಾಶಿ ರಾಶಿಯಾಗಿ ಹೊರಗೆಡಹುತ್ತವೆ. ಇಟ್ಟಿಗೆಗೆಂದು ಮೇಲ್ಮಣ್ಣನ್ನು ಅಗೆಯುವುದನ್ನು ತಡೆದು ಈ ಬೂದಿಯ ಬಳಕೆಯನ್ನು ಹೆಚ್ಚಿಸಬೇಕೆಂದು ಕೇಂದ್ರ ಸರ್ಕಾರ 1999ರಲ್ಲಿಯೇ ಅಧಿಸೂಚನೆ ಹೊರಡಿಸಿತು. ಸ್ಥಾವರದ ಸುತ್ತಿನ ಇಟ್ಟಿಗೆ ತಯಾರಕರು ಬೂದಿಯನ್ನು ಬಳಸಬೇಕೆಂದು ಅದರಲ್ಲಿ ಗೊತ್ತುಮಾಡಿದ ಮೇರೆ ಮೊದಲು 50 ಕಿಲೋಮೀಟರು ಇದ್ದದ್ದು ಮುಂದೆ ವಿಸ್ತಾರವಾಗುತ್ತ ಹೋಯಿತು. ಇನ್ನೊಂದು ಬಗೆ, ಸ್ವೀಡನ್ ದೇಶದಲ್ಲಿ 1920ರ ದಶಕದಲ್ಲಿ ಹುಟ್ಟಿದ ಗಾಳಿಗುಳ್ಳೆಯ ಬ್ಲಾಕು. ಹಿಟ್ಟಿನಂತಹ ಮಿಶ್ರಣಕ್ಕೆ ಅಲ್ಯೂಮಿನಿಯಮ್ ಪುಡಿ ಸೇರಿಸಿದಾಗ ಅದು ಇಡ್ಲಿಯ ಹಿಟ್ಟಿನಂತೆ ಉಬ್ಬುತ್ತದೆ. ಅದನ್ನು ಕತ್ತರಿಸಿ ಒತ್ತಡದ ಹಬೆಯಲ್ಲಿ ಬೇಯಿಸುತ್ತಾರೆ. ಅದರ ತೂಕ ಇಟ್ಟಿಗೆಯ ಮೂರನೆಯ ಒಂದು ಭಾಗದಷ್ಟು. ಒಣ ತುಂಡು ನೀರಿನ ಮೇಲೆ ತೇಲುತ್ತದೆ. ಭಾರವನ್ನೆಲ್ಲ ಕಾಂಕ್ರೀಟಿನ ಕಂಬಗಳು ಹೊತ್ತ ಬಹುಮಹಡಿಯ ಕಟ್ಟಡದಲ್ಲಿ ನಡುವೆ ತುಂಬುವ ಗೋಡೆಗೆ ಇದು ತಕ್ಕದ್ದು. ಸೂರಿನ ಭಾರವನ್ನು ಗೋಡೆಯೇ ಹೊರಬೇಕಾದ ಚಿಕ್ಕ ಮನೆಗೆ ಕಣ್ಣು ಮುಚ್ಚಿ ಇದನ್ನು ತಂದರೆ ಹಣವೂ ವ್ಯರ್ಥ, ಧೈರ್ಯವೂ ಕಡಿಮೆ.

ಇಷ್ಟು ಹೊತ್ತು ಗೋಡೆಯ ಮಾತಾಯಿತು. ಇನ್ನು ಮರ. ಇಟ್ಟಿಗೆ, ಕಲ್ಲುಗಳಿಗೆ ಇಲ್ಲದ ಒಂದು ಗುಣ ಮರಕ್ಕಿದೆ: ಅದು ಎಳೆತವನ್ನು ತಾಳಬಲ್ಲದು, ಬಾಗಿಯೂ ಮುರಿಯದೆ ಇರಬಲ್ಲದು. ಅದಕ್ಕಾಗಿಯೇ ಉಕ್ಕು, ಕಾಂಕ್ರೀಟುಗಳು ಬರುವವರೆಗೆ ಗೋಡೆಯಿಂದ ಗೋಡೆಗೆ ದಾಟುವ ಕೆಲಸವೆಲ್ಲ ಮರದ್ದಾಗಿತ್ತು. ಉತ್ತರ ಕರ್ನಾಟಕದ ಮೇಲ್ಮುದ್ದೆಯ ಮನೆಗಳಲ್ಲಿ ತೊಲೆ, ಜಂತೆಗಳ ಮೇಲೆ ಮಣ್ಣು ಹೊದಿಸಿದರು. ಹಳೆಯ ಬೆಂಗಳೂರು, ಮೈಸೂರುಗಳಲ್ಲಿ ಜಂತೆಗಳ ಮೇಲೆ ಸಣ್ಣ ಇಟ್ಟಿಗೆಗಳನ್ನು ಅಂಚಿನ ಮೇಲೆ ಓರೆಯಾಗಿ ನಿಲ್ಲಿಸಿ ಸುಣ್ಣದ ಗಾರೆಯಿಂದ ಬೆಸೆದು ಮದ್ರಾಸು ತಾರಸಿ ಹಾಕಿದರು. ಮೂಡಬಿದಿರೆಯ ಸಾವಿರ ಕಂಬದ ಬಸದಿಯಲ್ಲಿ ಕೆಳಗೆ ಕಲ್ಲು, ಮೇಲಿನ ಭಾಗದಲ್ಲಿ ಮರ. ಶ್ರೀರಂಗಪಟ್ಟಣದ ದರಿಯಾ ದೌಲತ್, ಬೆಂಗಳೂರಿನಲ್ಲಿ 1791ರಲ್ಲಿ ಮುಗಿದ ಟಿಪ್ಪುವಿನ ಅರಮನೆ, ಇವುಗಳ ತೇಗದ ಕಂಬಗಳು ಇಂದಿಗೂ ನಿಂತಿವೆ.

ಮರವನ್ನು ಕೊಳ್ಳುವವನು ಮೊದಲು ನೋಡಬೇಕಾದದ್ದು ಚೇಗನ್ನು. ಮರದ ನಡುವಿನ ಗಾಢ ಬಣ್ಣದ ಭಾಗವೇ ಚೇಗು. ಹೊರಗಿನ ಬಿಳಿಯ ಭಾಗ ಮರ ಬದುಕಿದ್ದಾಗ ನೀರು ಹರಿದ ದಾರಿ. ಹುಳುವಿಗೆ, ಗೆದ್ದಲಿಗೆ ಮೊದಲು ತುತ್ತಾಗುವುದು ಆ ಬಿಳಿಯ ಭಾಗವೇ. ತೇಗಕ್ಕೆ ಅಷ್ಟು ಹೆಸರು ಬಂದದ್ದು ಅದರ ಬಲದಿಂದ ಮಾತ್ರವಲ್ಲ. ಅದು ಕುಗ್ಗುವುದು ಕಡಿಮೆ, ಅದರ ಚೇಗಿನಲ್ಲಿರುವ ಎಣ್ಣೆಯಂಶ ಗೆದ್ದಲನ್ನು ದೂರವಿಡುತ್ತದೆ. ಹೊನ್ನೆ, ಮತ್ತಿ, ನಂದಿ, ಹಲಸು, ಬೇವು ಇವೂ ನಮ್ಮ ಬಡಗಿಗಳಿಗೆ ಚಿರಪರಿಚಿತ. ಬೀಟೆಯನ್ನು ಪೀಠೋಪಕರಣಕ್ಕೆ ಮೀಸಲಿಟ್ಟರು. ಕರಾವಳಿಯಲ್ಲಿ ಬಲಿತ ತಾಳೆಯ ಮರ ಪಕಾಸಾಯಿತು, ಅಡಿಕೆಯ ದಬ್ಬೆ ರೀಪಾಯಿತು. ತೊಲೆಗೆ ಬೇಕಾದುದು ಬಲ, ಬಾಗಿಲಿಗೆ ಬೇಕಾದುದು ಸೊಟ್ಟಗಾಗದ ಗುಣ, ಹೊಸ್ತಿಲಿಗೆ ಬೇಕಾದುದು ತೇವವನ್ನೂ ತುಳಿತವನ್ನೂ ತಾಳುವ ಶಕ್ತಿ. ಎಲ್ಲಕ್ಕೂ ತೇಗವೇ ಆಗಬೇಕೆಂಬುದು ಪ್ರತಿಷ್ಠೆಯ ಮಾತೇ ಹೊರತು ಅವಶ್ಯಕತೆಯ ಮಾತಲ್ಲ.

ಎರಡನೆಯದು ಮರದ ತೇವ. ಹಸಿಯ ಮರ ಒಣಗುವಾಗ ಉದ್ದದಲ್ಲಿ ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ, ಅಡ್ಡಕ್ಕೆ ಮಾತ್ರ ಕುಗ್ಗುತ್ತದೆ. ಅದರಲ್ಲಿಯೂ ವಾರ್ಷಿಕ ಉಂಗುರಗಳ ಗುಂಟ ಕುಗ್ಗುವುದು ಉಂಗುರಗಳನ್ನು ಸೀಳುವ ದಿಕ್ಕಿನಲ್ಲಿ ಕುಗ್ಗುವುದಕ್ಕಿಂತ ಸುಮಾರು ಎರಡು ಪಟ್ಟು. ಹಲಗೆ ತೊಟ್ಟಿಲಿನಂತೆ ಬಾಗುವುದಕ್ಕೆ ಇದೇ ಕಾರಣ. ಆದುದರಿಂದ ಕೊಯ್ದ ಮರವನ್ನು ನೆರಳಿನಲ್ಲಿ, ನಡುನಡುವೆ ಸಣ್ಣ ಪಟ್ಟಿಗಳನ್ನಿಟ್ಟು ಗಾಳಿಯಾಡುವಂತೆ ಪೇರಿಸಿ, ತಿಂಗಳುಗಟ್ಟಲೆ ಹದಕ್ಕೆ ಬಿಡುತ್ತಿದ್ದರು. ಈಗ ಬಿಸಿಗಾಳಿಯ ಕೋಣೆಗಳಲ್ಲಿ ಬೇಗ ಒಣಗಿಸುತ್ತಾರೆ. ಹೇಗೇ ಆಗಲಿ, ನಮ್ಮ ಹವೆಯಲ್ಲಿ ಮರದಲ್ಲಿ ನೂರಕ್ಕೆ ಸುಮಾರು 12ರಷ್ಟು ಮಾತ್ರ ತೇವ ಉಳಿಯಬೇಕು. ಗೃಹಪ್ರವೇಶದ ದಿನ ಸಲೀಸಾಗಿ ಮುಚ್ಚಿದ ಬಾಗಿಲು ಮಳೆಗಾಲದಲ್ಲಿ ಹಟ ಹಿಡಿಯುವುದು, ಬೇಸಿಗೆಯಲ್ಲಿ ಸಂದು ಬಿಡುವುದು ಬಡಗಿಯ ಕೈಯ ದೋಷವಲ್ಲ. ಮರ ಹದವಾಗುವವರೆಗೆ ಕಾಯದ ಯಜಮಾನನ ಅವಸರದ ದೋಷ.

ಹಳೆಯ ತೊಟ್ಟಿಯ ಮನೆಗಳಲ್ಲಿ ಮರದ ಕಂಬ ನೇರವಾಗಿ ನೆಲವನ್ನು ಮುಟ್ಟುವುದಿಲ್ಲ. ಕೆಳಗೊಂದು ಕಲ್ಲಿನ ಪೀಠವಿರುತ್ತದೆ. ನಾವು ಅದನ್ನು ಅಲಂಕಾರವೆಂದು ಭಾವಿಸುತ್ತೇವೆ. ನೆಲದ ತೇವವನ್ನೂ ಗೆದ್ದಲನ್ನೂ ಮರದಿಂದ ದೂರವಿಡುವ ಉಪಾಯ ಅದು. ಮರದ ಇನ್ನೊಂದು ಶತ್ರು ಬೆಂಕಿ. ಮೈಸೂರಿನ ಹಳೆಯ ಮರದ ಅರಮನೆ 1897ರಲ್ಲಿ ಸುಟ್ಟುಹೋಯಿತು. ಅದರ ಸ್ಥಳದಲ್ಲಿ ಹೆನ್ರಿ ಇರ್ವಿನ್ ಅವರ ಯೋಜನೆಯಂತೆ ಕಲ್ಲು, ಇಟ್ಟಿಗೆ, ಕಬ್ಬಿಣಗಳ ಈಗಿನ ಅರಮನೆ ಎದ್ದು 1912ರಲ್ಲಿ ಪೂರ್ಣವಾಯಿತು. ಆದರೂ ಮರದ ಪರವಾಗಿ ಒಂದು ಮಾತು ಹೇಳಬೇಕು. ದಪ್ಪನೆಯ ತೊಲೆ ಹೊತ್ತಿಕೊಂಡಾಗ ಹೊರಮೈ ಇದ್ದಿಲಾಗಿ, ಆ ಇದ್ದಿಲೇ ಒಳಗಿನ ಮರಕ್ಕೆ ಕವಚವಾಗುತ್ತದೆ. ತೊಲೆ ನಿಧಾನವಾಗಿ ಸೋಲುತ್ತದೆ. ಕವಚವಿಲ್ಲದ ಉಕ್ಕಿನ ತೊಲೆ ಕಾದು ಮೆತ್ತಗಾಗಿ ಥಟ್ಟನೆ ಬಾಗಿಬಿಡುವುದುಂಟು.

ಮರ ಎಲ್ಲಿಂದ ಬಂತೆಂಬ ಪ್ರಶ್ನೆಗೆ ಉತ್ತರ ಇಂದು ಮೊದಲಿನಷ್ಟು ಸರಳವಲ್ಲ. 1996ರ ಡಿಸೆಂಬರ್ 12ರಂದು ಸರ್ವೋಚ್ಚ ನ್ಯಾಯಾಲಯ ನೀಡಿದ ಆದೇಶದಂತೆ, ಕೇಂದ್ರ ಸರ್ಕಾರ ಒಪ್ಪಿದ ಕಾರ್ಯಯೋಜನೆಯಿಲ್ಲದೆ ಅರಣ್ಯಗಳಲ್ಲಿ ಮರ ಕಡಿಯುವಂತಿಲ್ಲ. ಅದು ಬರಬೇಕಾಗಿದ್ದ ಆದೇಶವೇ. ಇಂದು ನಮ್ಮ ಪೇಟೆಗಳಲ್ಲಿ ದೊರೆಯುವ ತೇಗದಲ್ಲಿ ಆಫ್ರಿಕ, ದಕ್ಷಿಣ ಅಮೆರಿಕಗಳ ನೆಡುತೋಪುಗಳಿಂದ ಹಡಗಿನಲ್ಲಿ ಬಂದದ್ದು ಬಹಳ. ಹೀಗಿರುವಾಗ ನಮ್ಮ ಬೀದಿಗಳಲ್ಲಿ ಕೆಡವುತ್ತಿರುವ ಹಳೆಯ ಮನೆಗಳ ಮರವನ್ನು ನಾವು ಸೌದೆಯಂತೆ ಕಾಣುವುದು ದುಃಖದ ಸಂಗತಿ. ನೂರು ವರ್ಷ ಒಣಗಿ, ಕುಗ್ಗುವುದನ್ನೆಲ್ಲ ಕುಗ್ಗಿ ಮುಗಿಸಿದ ಆ ತೊಲೆಗಳಷ್ಟು ಹದವಾದ ಮರ ಬೇರೆಲ್ಲಿ ಸಿಕ್ಕೀತು? ಮೊಳೆಗಳನ್ನು ಕಿತ್ತು, ಗೆದ್ದಲು ತಿಂದ ಭಾಗವನ್ನು ಕೊಯ್ದು ತೆಗೆದರೆ, ಒಂದು ಜಂತೆಯಿಂದ ಎರಡು ಕಿಟಕಿಯ ಚೌಕಟ್ಟಾಗಬಹುದು. ಸುಣ್ಣದ ಗಾರೆಯಲ್ಲಿ ಕಟ್ಟಿದ ಹಳೆಯ ಇಟ್ಟಿಗೆಯೂ ಹಾಗೆಯೇ. ಗಾರೆಯನ್ನು ತಟ್ಟಿ ಬಿಡಿಸಿ ಇನ್ನೊಂದು ಗೋಡೆಗೆ ಇಡಬಹುದು. ಸಿಮೆಂಟಿನಲ್ಲಿ ಕಟ್ಟಿದ್ದಕ್ಕೆ ಆ ಎರಡನೆಯ ಜನ್ಮ ದೊರೆಯುವುದು ಕಷ್ಟ.

ಕೇಳುಗರೇ, ಇಷ್ಟನ್ನೆಲ್ಲ ಹೇಳಿದ್ದು ಇಟ್ಟಿಗೆಯನ್ನು ಬಿಡಿ, ಮಣ್ಣಿನ ಗುಡಿಸಿಲಿಗೆ ಹಿಂದಿರುಗಿ ಎಂದು ಉಪದೇಶಿಸುವುದಕ್ಕಲ್ಲ. ಒಳ್ಳೆಯ ಸಾಮಗ್ರಿ ಇಂತಹುದೊಂದೇ ಎಂದು ಹೇಳುವವನನ್ನು ನಂಬಬೇಡಿ ಎಂದಷ್ಟೇ ನನ್ನ ಬಿನ್ನಹ. ಅಡಿಪಾಯಕ್ಕೆ ಕಲ್ಲು, ಭಾರ ಹೊರುವ ಗೋಡೆಗೆ ನೆಲದ ಗುಣಕ್ಕೆ ತಕ್ಕಂತೆ ಮಣ್ಣಿನ ಬ್ಲಾಕೋ ಕೆಂಪುಕಲ್ಲೋ ಹದವಾಗಿ ಬೆಂದ ಇಟ್ಟಿಗೆಯೋ, ನಡುಗೋಡೆಗೆ ಹಗುರವಾದ ಬ್ಲಾಕು, ಬಾಗಿಲಿಗೆ ಹಳೆಯ ಮನೆಯ ಮರ. ಹೀಗೆ ಒಂದೊಂದನ್ನೂ ಅದಕ್ಕೆ ತಕ್ಕ ಜಾಗದಲ್ಲಿ ನಿಲ್ಲಿಸಿದರೆ ಮನೆ ಗಟ್ಟಿಯೂ ಆಗುತ್ತದೆ, ಖರ್ಚೂ ಇಳಿಯುತ್ತದೆ. ಸಾಮಗ್ರಿ ತಂದ ಲಾರಿ ಹಿಂದಿರುಗುವ ಮುನ್ನ ಒಂದು ಗಳಿಗೆ ಅದರ ಬಳಿ ನಿಂತು ಎರಡು ಇಟ್ಟಿಗೆಗಳನ್ನು ತಟ್ಟಿ ನೋಡಿ. ಬ್ಲಾಕು ಎಂದು ಮಾಡಿದ್ದೆಂದು ಕೇಳಿ. ಮರದ ತುದಿಯಲ್ಲಿ ಚೇಗು ಎಷ್ಟಿದೆ, ಬಿಳಿ ಎಷ್ಟಿದೆ ಗಮನಿಸಿ. ಈ ಮಣ್ಣು ಯಾರ ಗದ್ದೆಯದು ಎಂದೂ ಒಮ್ಮೆ ವಿಚಾರಿಸಿ. ಗೂಡಿನ ಯಜಮಾನನಿಗೆ ಈ ಕೊನೆಯ ಪ್ರಶ್ನೆ ಹೊಸದಾಗಿ ಕಾಣಬಹುದು. ಕೇಳುವವರು ಹೆಚ್ಚಾದಂತೆ ಅವನೂ ಕೆರೆಯ ಹೂಳಿನ ಕಡೆಗೋ ಹಾರುಬೂದಿಯ ಕಡೆಗೋ ತಿರುಗಲೇಬೇಕಾಗುತ್ತದೆ. ನಮ್ಮ ಮಕ್ಕಳಿಗೆ ನಾವು ಮನೆಯನ್ನು ಬಿಟ್ಟು ಹೋಗುತ್ತೇವೆ, ನಿಜ. ಅವರು ಆ ಮನೆಯಲ್ಲಿ ಕುಳಿತು ಉಣ್ಣುವ ಅನ್ನ ಬೆಳೆಯುವುದಕ್ಕೆ ಒಂದಿಷ್ಟು ಮೇಲ್ಮಣ್ಣನ್ನೂ ಬಿಟ್ಟು ಹೋಗಬೇಕಾದದ್ದು ನಮ್ಮ ಕರ್ತವ್ಯ.